ಅನುದಾನ ಕೇಳುವಾಗ ಕಾವಲಿನ ಕೂಲಿಯನ್ನೂ ಕೇಳಿ

ಯಲಬುರ್ಗಾ ತಾಲೂಕಿನ ಓದುಗರೊಬ್ಬರ ಪತ್ರದ ಸಾರ: "ನಮ್ಮೂರ ಗಾಯರಾಣ, ಅಂದರೆ ದನ ಕುರಿ ಮೇಯುವ ಗೋಮಾಳ, 42 ಎಕರೆ ಇದೆ. ಮುಕ್ಕಾಲು ಪಾಲು ಬಳ್ಳಾರಿ ಜಾಲಿ ತುಂಬಿದೆ. ಜೋರು ಮಳೆ ಬಂದರೆ ಮಣ್ಣೆಲ್ಲ ಹಳ್ಳ ಸೇರುತ್ತದೆ. ಹೋದ ವರ್ಷ ನಾವು ಯುವಕರು ಸಂಘ ಕಟ್ಟಿ ನೋಂದಾಯಿಸಿದ್ದೇವೆ. ಜಾಲಿ ತೆಗೆಸಿ 10,000 ಸಸಿ ನೆಡಲು 25 ಲಕ್ಷ ರೂಪಾಯಿಗೆ ಅರ್ಜಿ ಬರೆದಿದ್ದೇವೆ. ಯಾರಿಗೆ ಕಳಿಸಬೇಕು? ನೂರಕ್ಕೆ ಹತ್ತು ಕೊಟ್ಟರೆ ಅನುದಾನ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಬಂದಿದ್ದಾರೆ. ಕೊಡಬಹುದಾ?"

ಸಂಪಾದಕರ ಉತ್ತರ:

ಆತ್ಮೀಯರೇ,

ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಕೊಡಬೇಡಿ. ಒಂದು ರೂಪಾಯಿಯನ್ನೂ ಕೊಡಬೇಡಿ. ಇವತ್ತು ನೂರಕ್ಕೆ ಹತ್ತು ಅಲ್ಲಿಗೆ ಹೋದರೆ, ನಾಳೆ ಅದನ್ನು ಸರಿದೂಗಿಸಲು ಸುಳ್ಳು ಬಿಲ್ಲು ಬರೆಯಬೇಕಾಗುತ್ತದೆ. ಅಲ್ಲಿಗೆ ನಿಮ್ಮ ಸಂಘದ ಹೆಸರು ಕೆಡುತ್ತದೆ.

ನಿಮ್ಮ ಅರ್ಜಿಯನ್ನು ಎರಡು ಸಲ ಓದಿದೆ. ಊರಿನ ಮೇಲಿನ ಪ್ರೀತಿ ಪುಟಪುಟದಲ್ಲೂ ಕಾಣುತ್ತದೆ. ಆದರೆ 25 ಲಕ್ಷದಲ್ಲಿ ಎರಡನೇ ವರ್ಷಕ್ಕೆ, ಮೂರನೇ ವರ್ಷಕ್ಕೆ ಏನೂ ಇಟ್ಟಿಲ್ಲ. ನನಗೆ ಸಂಕಟವಾಗಿದ್ದು ಅಲ್ಲೇ.

ಕೆಲವು ವರ್ಷಗಳ ಹಿಂದೆ ನಿಮ್ಮದೇ ಜಿಲ್ಲೆಯ ಒಂದು ಗಾಯರಾಣಕ್ಕೆ ಹೋಗಿದ್ದೆ. ಸಾಲಾಗಿ ಗುಂಡಿಗಳಿದ್ದವು. ಒಣಗಿದ ಒಂದು ಬೇವಿನ ಸಸಿ ಹಿಡಿದು ಎಳೆದೆ, ಕೈಗೇ ಬಂತು. ಬೇರು ಇನ್ನೂ ಕರಿ ಪ್ಲಾಸ್ಟಿಕ್ ಚೀಲದೊಳಗೇ ಸುರುಳಿ ಸುತ್ತಿಕೊಂಡಿತ್ತು. ಚೀಲ ಹರಿಯದೆ ಹಾಗೇ ನೆಟ್ಟಿದ್ದರು. ಪಕ್ಕದ್ದನ್ನು ಸರಿಯಾಗಿಯೇ ನೆಟ್ಟಿದ್ದರು, ಆದರೆ ಮೇಕೆ ಬಾಯಿ ಹಾಕಿ ಗೇಣುದ್ದದ ಕಡ್ಡಿ ಮಾತ್ರ ಉಳಿದಿತ್ತು. ಗುಂಡಿಗೆ, ಸಸಿಗೆ, ಬೋರ್ಡಿಗೆ ಹಣ ಖರ್ಚಾಗಿತ್ತು. ಬೇಸಿಗೆಯಲ್ಲಿ ನೀರು ಹಾಕುವವರಿಗೆ, ದನ ಕುರಿ ತಡೆಯುವವರಿಗೆ ಕೂಲಿ ಇರಲಿಲ್ಲ. ಆ ಊರಿನವರು ಸೋಮಾರಿಗಳಲ್ಲ. ಅರ್ಜಿಯಲ್ಲೇ ಆ ಸಾಲು ಇರಲಿಲ್ಲ, ಅಷ್ಟೆ. ಆದ್ದರಿಂದ ಸಸಿಯ ಸಂಖ್ಯೆ ಇಳಿಸಿ, ಮೂರು ವರ್ಷದ ಕಾವಲುಗಾರನ ಕೂಲಿ ಸೇರಿಸಿ.

ಮೊತ್ತವನ್ನೂ ಇನ್ನೊಮ್ಮೆ ನೋಡಿ. ಮಣ್ಣು, ಮಳೆನೀರು ಉಳಿಸುವ ಕೇಂದ್ರದ ಜಲಾನಯನ ಯೋಜನೆಯಲ್ಲಿ 2021ರ ನಂತರ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 22,000 ರೂಪಾಯಿ ಲೆಕ್ಕ ಇಟ್ಟಿದ್ದಾರೆ. ನಿಮ್ಮ 42 ಎಕರೆ ಅಂದರೆ ಸುಮಾರು 17 ಹೆಕ್ಟೇರ್. ಆ ಲೆಕ್ಕದಲ್ಲಿ 3,74,000 ಆಗುತ್ತದೆ. ಜಾಲಿ ತೆಗೆಸುವುದು, ಕಾವಲು ಎಲ್ಲ ಸೇರಿ ನಿಮ್ಮದು ಇದಕ್ಕಿಂತ ಜಾಸ್ತಿ ಆಗಲಿ, ತಪ್ಪಿಲ್ಲ. ಆದರೆ 25 ಲಕ್ಷ ಯಾಕೆ ಅಂತ ಕೇಳಿದರೆ ಸಾಲುಸಾಲಾಗಿ ಹೇಳುವ ಹಾಗಿರಬೇಕು. ಮೊದಲ ಸಲ 10 ಎಕರೆಗೆ ಮಾತ್ರ ಕೇಳಿ ಅನ್ನುವುದು ನನ್ನ ಸಲಹೆ. ಹಳ್ಳದ ಮೇಲ್ಭಾಗದ ಇಳಿಜಾರಿನಿಂದಲೇ ಶುರು ಮಾಡಿ. ಮೇಲೆ ಓಡುವ ನೀರನ್ನು ನಿಲ್ಲಿಸದೆ ಕೆಳಗೆ ಒಡ್ಡು ಹಾಕಿದರೆ ಮೊದಲ ದೊಡ್ಡ ಮಳೆಗೇ ಕಿತ್ತುಕೊಂಡು ಹೋಗುತ್ತದೆ.

ಜಾಲಿಯ ವಿಷಯದಲ್ಲಿ ಅವಸರ ಬೇಡ. ಕೊಡಲಿಯಿಂದ ಕಡಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತದೆ. ಬೇರಿನ ಗಡ್ಡೆ ಸಮೇತ ಕೀಳಬೇಕು. ಕುರಿ, ಮೇಕೆ ಅದರ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಹಾಗಾಗಿ ಮುಂದಿನ ಎರಡು ಮೂರು ಮಳೆಗಾಲ ಮರಿಗಿಡ ಕೀಳುತ್ತಲೇ ಇರಬೇಕು. ಇದಕ್ಕೂ ಕೂಲಿ ಬರೆಯಿರಿ. ಜಾಲಿಯನ್ನು ಸುಟ್ಟು ಇದ್ದಿಲು ಮಾಡಿ ಬದುಕುವವರು ನಿಮ್ಮೂರಲ್ಲಿದ್ದರೆ ಅವರನ್ನೂ ಕೂರಿಸಿಕೊಂಡು ಮಾತಾಡಿ. ಖಾಲಿಯಾದ ಜಾಗಕ್ಕೆಲ್ಲ ಮರವೇ ಬೇಕಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ನಮ್ಮ ನಾಡಿಗೆ ಹುಲ್ಲೇ ದೊಡ್ಡ ಸಂಪತ್ತು. ತೋಳ, ನರಿ, ಮೊಲ ಬದುಕುವುದೂ ಅಲ್ಲೇ. ಒಂದೇ ಮಳೆಗಾಲದಲ್ಲಿ ಹುಲ್ಲು ಎದ್ದರೆ ಕುರಿಗಾರರಿಗೂ ನಂಬಿಕೆ ಬರುತ್ತದೆ. ನಡುನಡುವೆ ಬೇವು, ಬಾರಿ (ಬೋರೆ), ಕಮರದ ಮರ ಇರಲಿ. ಹಣ ಕೊಡುವವರು ಗಿಡ ಎಣಿಸಲು ಇಷ್ಟಪಡುತ್ತಾರೆ, ಗೊತ್ತು. ಅವರಿಗೆ ಇದನ್ನು ಬಿಡಿಸಿ ಹೇಳುವುದೂ ಅರ್ಜಿಯ ಕೆಲಸವೇ ಅಲ್ವಾ?

ಇನ್ನು ಯಾರ ಹತ್ತಿರ ಹೋಗಬೇಕು ಅನ್ನುವುದು. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ನಿಮಗೆ ನೇರವಾಗಿ ಸಿಗುವುದು ಈಗ ಕಷ್ಟ. ನಿಮ್ಮಂಥ ಸಂಘಕ್ಕೆ ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು. ಆದಾಯ ತೆರಿಗೆ ರಿಯಾಯಿತಿಯ 12ಎ, 80ಜಿ ನೋಂದಣಿ ಆಗಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ಸಂಖ್ಯೆಯನ್ನೂ ಪಡೆದಿರಬೇಕು. ಅಲ್ಲಿಯವರೆಗೆ ಜಿಲ್ಲೆಯ ಹಳೆಯ, ಲೆಕ್ಕ ಚೊಕ್ಕವಾಗಿರುವ ಸಂಸ್ಥೆಯೊಂದರ ಜೊತೆ ಸೇರಿ ಅರ್ಜಿ ಹಾಕಿ. ವಿದೇಶಿ ಹಣದ ಯೋಚನೆ ಸದ್ಯಕ್ಕೆ ಬಿಟ್ಟುಬಿಡಿ. ಬದು, ಕಂದಕದ ಮಣ್ಣಿನ ಕೆಲಸವನ್ನು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಿದರೆ ಅಷ್ಟು ಹಣವನ್ನು ಬೇರೆಯವರ ಹತ್ತಿರ ಕೇಳುವುದೇ ಬೇಡ. ಗಣಿ ಬಾಧಿತ ಊರುಗಳ ಓದುಗರು ಇದನ್ನು ಓದುತ್ತಿದ್ದರೆ, ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಪರಿಸರ ಮತ್ತು ಜಲಾನಯನ ಕೆಲಸಕ್ಕೂ ಬಳಸಲು ಅವಕಾಶವಿದೆ. ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ.

ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್‌ನ ಜಿಲ್ಲಾ ಅಧಿಕಾರಿಯನ್ನೂ ಒಮ್ಮೆ ಭೇಟಿಯಾಗಿ. ಅವರ ಜಲಾನಯನ ಯೋಜನೆಯಲ್ಲಿ ಒಂದು ಪದ್ಧತಿ ನನಗೆ ಬಹಳ ಇಷ್ಟ. ಊರಿನವರು ಮೊದಲು ಶ್ರಮದಾನ ಮಾಡಿ ತೋರಿಸಬೇಕು. ನಿಮ್ಮ ಕೊಪ್ಪಳ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಹಿರೇಹಳ್ಳವನ್ನು ಸ್ವಚ್ಛ ಮಾಡಲು ಇಳಿದಾಗ ಜನ ಹೇಗೆ ಬಂದರು ಅಂತ ನೀವೇ ನೋಡಿದ್ದೀರಿ.

ಅರ್ಜಿಗಿಂತ ಮೊದಲು ಪಹಣಿ ತೆಗೆಸಿ. ಗಾಯರಾಣ ಸರ್ಕಾರದ ಜಮೀನು, ಸಂಘದ್ದಲ್ಲ. ಸರ್ವೆ ಆಗಿದೆಯಾ, ಒತ್ತುವರಿ ಎಷ್ಟಿದೆ ನೋಡಿ. ಪಂಚಾಯಿತಿ ಠರಾವು ಮಾಡಿಸಿ, ತಹಶೀಲ್ದಾರರ ಒಪ್ಪಿಗೆ ಪಡೆಯಿರಿ. ಹಿಂದೊಮ್ಮೆ ನಾನೇ ಕೂತು ಬರೆದುಕೊಟ್ಟ ಒಂದು ಅರ್ಜಿ, ಠರಾವಿನ ಪ್ರತಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಬಂತು. ಆ ಹುಡುಗರ ಮುಖ ಇನ್ನೂ ನೆನಪಿದೆ.

ನಿಮ್ಮ ಪತ್ರದಲ್ಲಿ ಕುರಿಗಾರರ ಮಾತೇ ಇಲ್ಲ. 10 ಎಕರೆ ಮುಚ್ಚಿದರೆ ಅವರ ಕುರಿ ಎಲ್ಲಿಗೆ ಹೋಗಬೇಕು? ಉಳಿದ 32 ಎಕರೆ ತೆರೆದಿರುತ್ತದೆ, ಮುಚ್ಚಿದ ಜಾಗದ ಹುಲ್ಲು ಕೊಯ್ದು ಒಯ್ಯಬಹುದು ಅಂತ ಮೊದಲೇ ಒಪ್ಪಂದ ಆಗಲಿ. ಸಾಧ್ಯವಾದರೆ ಕಾವಲಿನ ಕೆಲಸ ಅವರಲ್ಲೇ ಒಬ್ಬರಿಗೆ ಕೊಡಿ. ಅಮಾಸಿ ದಿನ ಹೇಗೂ ಗಳೆ ಹೂಡುವುದಿಲ್ಲ, ಎಲ್ಲರೂ ಊರಲ್ಲೇ ಇರುತ್ತಾರೆ. ಅವತ್ತು ಗುಡಿ ಕಟ್ಟೆಯ ಮೇಲೆ ಸೇರಿ ಮಾತಾಡಿ, ಒಪ್ಪಿದ್ದನ್ನು ಬರೆದು ಸಹಿ ಮಾಡಿಸಿ. ಆ ಹಾಳೆಯನ್ನೂ ಪಹಣಿಯನ್ನೂ ಹೊಸ ಅರ್ಜಿಯ ಜೊತೆ ನನಗೆ ಕಳಿಸಿ. ಕೂತು ಓದಿ, ತಿದ್ದಿ ಕೊಡುತ್ತೇನೆ.