ಈಜು ಬಾರದವರಿಗೆ ಸಮುದ್ರ ಸಂಶೋಧನೆಯಲ್ಲಿ ಕೆಲಸವಿದೆಯೇ?

ಪ್ರಶ್ನೆ: ಮೇಡಂ, ನಾನು ಮಾಲಿಕ್ಯುಲರ್ ಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದೇನೆ. ಪಿಸಿಆರ್ (ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡುವ ವಿಧಾನ) ಕೈಗೆ ರೂಢಿಯಾಗಿದೆ. ಒಂದು ಬಾಟಲಿ ನೀರಿನಿಂದಲೇ ಸಮುದ್ರದಲ್ಲಿ ಯಾವ ಜೀವಿಗಳಿವೆ ಎಂದು ಹೇಳಬಹುದಂತೆ. ನನಗೆ ಈಜು ಬಾರದು, ಮೀನುಗಳ ಹೆಸರೂ ಅಷ್ಟಾಗಿ ಗೊತ್ತಿಲ್ಲ. ಈ ಕ್ಷೇತ್ರಕ್ಕೆ ಬರಬಹುದೇ? ಏನು ಕಲಿಯಬೇಕು?

ಉತ್ತರ: ಖಂಡಿತ ಬನ್ನಿ. ಈಜು ಬಾರದಿದ್ದರೆ ಚಿಂತೆಯಿಲ್ಲ. ಮೀನುಗಳ ಹೆಸರು ಗೊತ್ತಿಲ್ಲ ಎಂದಿರಲ್ಲ, ಅದನ್ನು ಮಾತ್ರ ಹಾಗೇ ಬಿಡಬೇಡಿ.

ಮೀನು, ಏಡಿ, ತಿಮಿಂಗಿಲ ಎಲ್ಲವೂ ಲೋಳೆ, ಚರ್ಮದ ಚೂರು, ಮಲದ ಜೊತೆ ತಮ್ಮ ಡಿಎನ್‌ಎಯನ್ನು ನೀರಿಗೆ ಬಿಡುತ್ತಲೇ ಇರುತ್ತವೆ. ಅದೇ ಪರಿಸರ ಡಿಎನ್‌ಎ. 2008ರಲ್ಲಿ ಫ್ರಾನ್ಸಿನ ಕೊಳಗಳ ನೀರಿನಲ್ಲಿ ಅಮೆರಿಕದ ಗೂಳಿಗಪ್ಪೆಯನ್ನು ಹೀಗೆ ಪತ್ತೆ ಹಚ್ಚಿದರು. ಕೆಲವೇ ವರ್ಷಗಳಲ್ಲಿ ವಿಧಾನ ಸಮುದ್ರಕ್ಕೂ ಬಂತು. ಒಂದೆರಡು ಲೀಟರ್ ನೀರನ್ನು ಅರ್ಧ ಮೈಕ್ರಾನ್‌ಗಿಂತ ಸಣ್ಣ ರಂಧ್ರಗಳ ಫಿಲ್ಟರಿನಲ್ಲಿ ಸೋಸಿ, ಫಿಲ್ಟರನ್ನು ಫ್ರೀಜರಿನಲ್ಲಿಟ್ಟು, ಆಮೇಲೆ ಡಿಎನ್‌ಎ ತೆಗೆಯುತ್ತೇವೆ. ಮೀನುಗಳಿಗೆ ಹೆಚ್ಚಾಗಿ ಬಳಸುವುದು 2015ರಲ್ಲಿ ಜಪಾನಿನ ತಂಡ ಪ್ರಕಟಿಸಿದ ಮೈಫಿಶ್ ಪ್ರೈಮರ್, ಅಂದರೆ ಪಿಸಿಆರ್ ಯಾವ ತುಣುಕನ್ನು ನಕಲು ಮಾಡಬೇಕೆಂದು ತೋರಿಸುವ ಪುಟ್ಟ ಡಿಎನ್‌ಎ ಚೂರು. ಅದು ಹೆಕ್ಕುವ ತುಣುಕು ಸುಮಾರು 170 ಬೇಸ್‌ಗಳಷ್ಟೇ (ಬೇಸ್ ಎಂದರೆ ಡಿಎನ್‌ಎಯ ಒಂದು ಅಕ್ಷರ). ನೀರಿನಲ್ಲಿ ಡಿಎನ್‌ಎ ಬೇಗ ಮುರಿದುಹೋಗುತ್ತದೆ, ಉದ್ದದ ತುಣುಕು ಸಿಗುವುದು ಕಷ್ಟ.

ಇಷ್ಟು ನಿಮಗೆ ತಿಂಗಳಲ್ಲಿ ಬಂದೀತು. ಬಂದ ಫಲಿತಾಂಶವನ್ನು ಎಷ್ಟು ನಂಬಬೇಕು ಎಂಬುದನ್ನು ಕಲಿಯಲು ವರ್ಷಗಳೇ ಬೇಕು. ಕ್ಯಾಲಿಫೋರ್ನಿಯಾದ ಮಾಂಟೆರೇ ಬೇ ಅಕ್ವೇರಿಯಂನ ದೊಡ್ಡ ತೊಟ್ಟಿಯೊಂದರ ನೀರನ್ನು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತೊಟ್ಟಿಯಲ್ಲಿ ಯಾರಿದ್ದಾರೆಂದು ಮೊದಲೇ ಗೊತ್ತಿತ್ತು. ಮೂಳೆಮೀನುಗಳು ಪತ್ತೆಯಾದವು, ಆದರೆ ಶಾರ್ಕ್ ಮತ್ತು ಆಮೆ ಕಣ್ಣೆದುರೇ ಈಜುತ್ತಿದ್ದರೂ ಸಿಗಲಿಲ್ಲ. ತೊಟ್ಟಿಯಲ್ಲಿ ಇಲ್ಲದ ಮೀನೊಂದು ಮಾತ್ರ ಸಿಕ್ಕಿತು: ಅದು ಅವುಗಳಿಗೆ ಹಾಕುತ್ತಿದ್ದ ಆಹಾರ! ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಓದಿಸುವುದು ಇದನ್ನು.

ನನ್ನದೇ ಅನುಭವ ಹೇಳುತ್ತೇನೆ. ಶುರುವಿನ ವರ್ಷಗಳಲ್ಲಿ, ಬರೀ ಶುದ್ಧ ನೀರು ಸೋಸಿದ್ದ ನನ್ನ ಕಂಟ್ರೋಲ್ ಮಾದರಿಯಲ್ಲಿ ಮೀನಿನ ಡಿಎನ್‌ಎ ಬಂತು. ಪಿಸಿಆರ್ ಆದ ಟ್ಯೂಬುಗಳನ್ನು ತೆರೆದಿದ್ದ ಕೋಣೆಯಲ್ಲೇ ಹೊಸ ಮಾದರಿಗಳನ್ನೂ ತೆರೆದಿದ್ದೆ, ಅವುಗಳ ಡಿಎನ್‌ಎ ಇವುಗಳಿಗೆ ಸೇರಿಕೊಂಡಿತ್ತು. ಮೂರು ತಿಂಗಳ ಕೆಲಸ ಕೈಬಿಡಬೇಕಾಯಿತು. ಅತ್ತುಬಿಟ್ಟೆ. ಆದರೆ ಕಂಟ್ರೋಲ್ ಇಟ್ಟಿರದಿದ್ದರೆ ಆ ಸುಳ್ಳನ್ನೇ ಪ್ರಕಟಿಸಿರುತ್ತಿದ್ದೆ.

ಈಗ ಮೀನಿನ ಹೆಸರಿನ ವಿಷಯ. ಸಿಕ್ಕ ತುಣುಕನ್ನು ಗೊತ್ತಿರುವ ಜೀವಿಗಳ ಡಿಎನ್‌ಎ ಡೇಟಾಬೇಸಿನ ಜೊತೆ ಹೋಲಿಸಿ ಹೆಸರು ಹುಡುಕುತ್ತೇವೆ. ಅದರಲ್ಲಿ ಇಲ್ಲದ ಜೀವಿಗೆ ಕಂಪ್ಯೂಟರ್ ಅದರ ಹತ್ತಿರದ ನೆಂಟನ ಹೆಸರು ಕೊಟ್ಟುಬಿಡಬಹುದು. ತಣ್ಣೀರಿನ ಮೀನು ಬಿಸಿ ಹವಳದ ದಿಬ್ಬದಲ್ಲಿ ಕಾಣಿಸಿದರೆ ನಿಮಗೆ ಅನುಮಾನ ಬರಬೇಕು. ಅದು ಬರುವುದು ಪ್ರಾಣಿಗಳನ್ನು ಬಲ್ಲವರಿಗೆ ಮಾತ್ರ. ವರ್ಗೀಕರಣ ತಜ್ಞರೊಬ್ಬರ ಸ್ನೇಹ ಮಾಡಿಕೊಳ್ಳಿ. ಮೀನು ಮರಿಯೋ ದೊಡ್ಡದೋ, ಬದುಕಿದೆಯೋ ಸತ್ತಿದೆಯೋ ಎಂದು ಈ ವಿಧಾನ ಹೇಳುವುದಿಲ್ಲ, ಹಾಗಾಗಿ ಬಲೆ ಹಾಕುವವರ, ಮುಳುಗಿ ಎಣಿಸುವವರ ಕೆಲಸ ನಿಲ್ಲುವುದಿಲ್ಲ.

ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಜೊತೆಗೆ ಸಂಖ್ಯಾಶಾಸ್ತ್ರ ಕಲಿಯಲೇಬೇಕು. ನನ್ನ ವಾರದ ಬಹುಪಾಲು ಕಂಪ್ಯೂಟರ್ ಮುಂದೆಯೇ ಹೋಗುತ್ತದೆ. ಲ್ಯಾಬ್ ಹುದ್ದೆಗೆ ಎಂ.ಎಸ್ಸಿ. ಸಾಕಾಗಬಹುದು, ಸ್ವಂತ ಸಂಶೋಧನೆ ನಡೆಸುವುದಾದರೆ ಪಿಎಚ್‌.ಡಿ. ಮಾಡಿ. ಮೀನುಗಾರಿಕೆ ಸಂಸ್ಥೆಗಳು, ಪರಿಸರ ಪರಿಣಾಮ ಅಧ್ಯಯನ ಮಾಡುವ ಕಂಪನಿಗಳು, ಹಡಗುಗಳ ಜೊತೆ ಬರುವ ಹೊರಗಿನ ಜೀವಿಗಳ ಮೇಲೆ ಕಣ್ಣಿಡುವ ಬಂದರುಗಳು, ಹೀಗೆ ಕೆಲಸ ಹಲವು ಕಡೆ ಇದೆ.

ಕೆಲಸ ಸಿಗುವವರೆಗೆ ಕಾಯಬೇಡಿ. ಪ್ರಕಟವಾದ ಯಾವುದಾದರೂ ಅಧ್ಯಯನದ ಮುಕ್ತ ದತ್ತಾಂಶ ಇಳಿಸಿಕೊಂಡು ನೀವೇ ವಿಶ್ಲೇಷಿಸಿ. ಮೊದಲು ಕಂಟ್ರೋಲ್ ಮಾದರಿಗಳ ಫೈಲ್ ತೆರೆಯಿರಿ.