ನೋವಿಲ್ಲ ಅಂದ ಮಾತ್ರಕ್ಕೆ ಸುಮ್ಮನಿರಬೇಡಿ

ಕೆನ್ನೆಯ ಒಳಗೆ ನರಹುಲಿ ಥರ ಬಿಳಿ ಗಂಟು, ಎರಡು ತಿಂಗಳಾಯ್ತು, ನೋವಿಲ್ಲ, ಹಾಗಾಗಿ ಕ್ಯಾನ್ಸರ್ ಅಲ್ಲ ತಾನೇ ಅಂತ ಕೇಳಿದ್ದೀರಿ. ಆ 'ಹಾಗಾಗಿ' ಸರಿಯಲ್ಲ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ.

ಸಾಮಾನ್ಯವಾಗಿ ಕಾಣುವ ನಿರಪಾಯದ ಗಂಟು ಪ್ಯಾಪಿಲೋಮಾ. ನರಹುಲಿ ತರುವ ಎಚ್‌ಪಿವಿ ಅನ್ನೋ ವೈರಸ್‌ನ 6, 11ನೇ ಬಗೆಗಳಿಗೆ ನಂಟಿರುವಂಥದ್ದು. ಮೆತ್ತಗೆ, ಹೂಕೋಸಿನ ಚೂರಿನಂತೆ, ಹೆಚ್ಚಾಗಿ ತೊಟ್ಟಿನ ಮೇಲೆ ನಿಂತಿರುತ್ತೆ. ಕೆಲವು ಮಿಲಿಮೀಟರ್ ಬೆಳೆದು ಅಲ್ಲಿಗೇ ನಿಲ್ಲುತ್ತೆ.

ನನಗೆ ಚಿಂತೆಯಾಗೋದು ಇನ್ನೊಂದರ ಬಗ್ಗೆ: ವೆರುಕಸ್ ಕಾರ್ಸಿನೋಮಾ ಅನ್ನೋ ಒಂದು ಬಗೆಯ ಬಾಯಿ ಕ್ಯಾನ್ಸರ್. ಇದೂ ನರಹುಲಿಯಂತೆಯೇ ಕಾಣುತ್ತೆ, ಆದರೆ ಬುಡ ಅಗಲ, ದಪ್ಪ ಬಿಳಿ ಪದರ, ತಿಂಗಳುಗಟ್ಟಲೆ ನಿಧಾನವಾಗಿ ಹರಡುತ್ತಾ ಹೋಗುತ್ತೆ. ತಂಬಾಕು ಜಗಿಯುವವರಲ್ಲಿ, ತಂಬಾಕು ಇಡುವ ಜಾಗದಲ್ಲೇ ಹೆಚ್ಚು. (ನಿಮಗೆ ಅಭ್ಯಾಸ ಇದೆಯಾ, ಬರೆದಿಲ್ಲ.) ದೂರದ ಅಂಗಗಳಿಗೆ ಹಬ್ಬೋದು ತೀರಾ ಅಪರೂಪ, ಬೇಗ ತೆಗೆಸಿದರೆ ಸಾಮಾನ್ಯವಾಗಿ ಗುಣವಾಗುತ್ತೆ.

ಗಟ್ಟಿಯಾಗಿದ್ದರೆ, ಕೆಂಪು ಕಲೆ ಬೆರೆತಿದ್ದರೆ, ರಕ್ತ ಒಸರಿದರೆ, ಕತ್ತಿನಲ್ಲಿ ಗಡ್ಡೆ ಸಿಕ್ಕರೆ ಇನ್ನೂ ಬೇಗ ಹೋಗಿ. ಇವು ಯಾವುದೂ ಇಲ್ಲದಿದ್ದರೂ ಎರಡು ತಿಂಗಳು ಜಾಸ್ತಿಯೇ ಆಯ್ತು. ಮೂರು ವಾರ ದಾಟಿದ ಯಾವ ಗಂಟನ್ನೂ ದಂತವೈದ್ಯರಿಗೆ ತೋರಿಸಬೇಕು. ಫೋಟೋ ನೋಡಿ ಯಾರೂ ಖಚಿತವಾಗಿ ಹೇಳಲಾರರು, ಬಯಾಪ್ಸಿಯೇ (ಗಂಟಿನ ಚೂರು ತೆಗೆದು ಲ್ಯಾಬ್‌ನಲ್ಲಿ ಪರೀಕ್ಷಿಸೋದು) ಬೇಕು. ಅದರಲ್ಲೂ ಬುಡ ಸೇರಿಸಿ ಆಳವಾಗಿ ತೆಗೆದ ಚೂರು. ಮೇಲ್ಪದರ ಮಾತ್ರ ಕೆರೆದು ಕಳಿಸಿದರೆ ವೆರುಕಸ್ ಕಾರ್ಸಿನೋಮಾ ಇದ್ದರೂ ಮಾಮೂಲಿ ನರಹುಲಿ ಅಂತ ವರದಿ ಬಂದುಬಿಡಬಹುದು.