ಗೆಳತಿಯಂತಿದ್ದ ನಾದಿನಿ ತೀರಿಕೊಂಡಿದ್ದಾಳೆ. ಅವಳ ನೆನಪುಗಳನ್ನು ಸರಿಯಾಗಿ ದಾಖಲಿಸಿಡುವುದು ಹೇಗೆ?

ನಾದಿನಿ ಹೋಗಿ ಎರಡು ತಿಂಗಳಾಗಿದೆ, ಮೂವತ್ತು ವರ್ಷದ ಗೆಳೆತನ, ಅವಳ ಹದಿನೈದು ವರ್ಷದ ಮಗಳು "ಅಮ್ಮನ ಬಗ್ಗೆ ಬರೆದುಕೊಡಿ ಅತ್ತೆ" ಎಂದಿದ್ದಾಳೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಒಡಹುಟ್ಟಿದವರು ಇರುವಾಗ ಸೊಸೆಯಾಗಿ ಬಂದವಳು ಬರೆಯಬಹುದೇ ಎಂಬ ಅಳುಕೂ ನಿಮಗಿದೆ.

ಬರೆಯುವುದು ಆಮೇಲೆ. ಮೊದಲು, ಯಾವುದು ಬೇಗ ಕೈಬಿಟ್ಟು ಹೋಗುತ್ತದೋ ಅದನ್ನು ಉಳಿಸಿಕೊಳ್ಳಿ. ಕಾಗದ ಕಾಯುತ್ತದೆ, ಫೋನು ಕಾಯುವುದಿಲ್ಲ.

ಬಳಕೆಯಿಲ್ಲದ ವಾಟ್ಸಾಪ್ ಖಾತೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಸಿಹೋಗುತ್ತದೆ. ನಿಮ್ಮ ಫೋನಿನಲ್ಲಿರುವ ಮಾತುಕತೆ ಅದರ ಜೊತೆ ಹೋಗುವುದಿಲ್ಲ. ಆದರೆ ನೀವು ಡೌನ್‌ಲೋಡ್ ಮಾಡದೆ ಬಿಟ್ಟ ಧ್ವನಿ ಸಂದೇಶ, ಫೋಟೋ ಇದ್ದರೆ ಅವು ಸಿಗದೇ ಹೋಗಬಹುದು. ಇವತ್ತೇ ಅವಳ ಚಾಟ್ ತೆರೆದು ಮೇಲಿನವರೆಗೂ ಹೋಗಿ ಒಂದೊಂದನ್ನೂ ಇಳಿಸಿಕೊಳ್ಳಿ. ಸಂದೇಶ ತಾನಾಗಿ ಮಾಯವಾಗುವ ಸೆಟ್ಟಿಂಗ್ ಇದೆಯೇ ನೋಡಿ. ಇದ್ದರೆ ಅದನ್ನು ಆಫ್ ಮಾಡಿದ ಮಾತ್ರಕ್ಕೆ ಹಳೆಯ ಸಂದೇಶಗಳು ಉಳಿಯುವುದಿಲ್ಲ, ಅವನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಆಮೇಲೆ ಇಡೀ ಚಾಟನ್ನು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ, ಅಂದರೆ ಕಡತವಾಗಿ ಹೊರಗೆ ತೆಗೆದಿಡಿ. ಬಹಳ ವರ್ಷದ ಚಾಟ್ ಆದರೆ ಎಕ್ಸ್‌ಪೋರ್ಟ್‌ನಲ್ಲಿ ಇತ್ತೀಚಿನ ಭಾಗ ಮಾತ್ರ ಬರುತ್ತದೆ, ಹಳೆಯದು ಬಿಟ್ಟುಹೋಗುತ್ತದೆ. ಹೀಗಾಗಿ ಅದೊಂದನ್ನೇ ನಂಬಬೇಡಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್‌ನ ಮೀಡಿಯಾ ಫೋಲ್ಡರಿನೊಳಗೆ ವಾಯ್ಸ್ ನೋಟ್ಸ್ ಎಂಬ ಫೋಲ್ಡರ್ ಇರುತ್ತದೆ, ಅದನ್ನು ಹಾಗೇ ಕಂಪ್ಯೂಟರಿಗೆ ನಕಲಿಸಿ. ಕಡತದ ಹೆಸರಿನಲ್ಲೇ ವರ್ಷ, ತಿಂಗಳು, ದಿನ ಇರುವುದರಿಂದ ಹೆಸರು ಬದಲಿಸಲು ಹೋಗಬೇಡಿ. ಆದರೆ ಕಳಿಸಿದವರ ಹೆಸರು ಅಲ್ಲಿರುವುದಿಲ್ಲ. ಯಾವುದು ಅವಳದು ಎಂದು ಕೇಳಿಯೇ ಬೇರ್ಪಡಿಸಬೇಕು. ಒಂದೇ ದಿನ ಕೂತು ಮುಗಿಸುವ ಕೆಲಸವಲ್ಲ ಅದು, ನಕಲು ಮಾಡಿಟ್ಟು ಮನಸ್ಸಾದಾಗ ಕೇಳಿ.

ಅವಳ ಸ್ವಂತ ಫೋನಿನ ವಿಷಯ ಅವಳ ಗಂಡ, ಮಕ್ಕಳು ತೀರ್ಮಾನಿಸಬೇಕಾದದ್ದು. ಅವರಿಗೆ ನೀವು ಹೇಳಬಹುದಾದ್ದು ಮೂರು ಮಾತು. ಫೋನನ್ನು ರೀಸೆಟ್ ಮಾಡಿ ಯಾರಿಗೂ ಕೊಡಬೇಡಿ. ಲಾಕ್ ಸಂಖ್ಯೆಯನ್ನು ಊಹಿಸಿ ಒತ್ತುತ್ತಾ ಹೋಗಬೇಡಿ, ಕೆಲವು ಫೋನುಗಳು ಹತ್ತು ಸಲ ತಪ್ಪಿದರೆ ಎಲ್ಲವನ್ನೂ ಅಳಿಸುವಂತೆ ಹೊಂದಿಸಿರುತ್ತವೆ. ಸಿಮ್ ಅನ್ನು ಕಟ್ಟಕಡೆಗೆ ನಿಲ್ಲಿಸಿ, ಯಾಕೆಂದರೆ ಇಮೇಲಿಗೂ ಫೋಟೋ ಖಾತೆಗೂ ಬರುವ ಒಟಿಪಿ ಅದೇ ನಂಬರಿಗೆ. ಗೂಗಲ್ ಖಾತೆ ಎರಡು ವರ್ಷ ಬಳಕೆಯಾಗದಿದ್ದರೆ ಅದನ್ನು ಫೋಟೋಗಳ ಸಮೇತ ಅಳಿಸುವ ಹಕ್ಕು ಕಂಪನಿಗಿದೆ. ಫೇಸ್‌ಬುಕ್ ಖಾತೆಯನ್ನು ಸ್ಮರಣಾರ್ಥ ಖಾತೆಯಾಗಿ ಬದಲಿಸಿದರೆ ಮತ್ತೆ ಯಾರೂ ಲಾಗಿನ್ ಆಗಲಾರರು, ಹಾಗಾಗಿ ಆ ಅರ್ಜಿಗೆ ಅವಸರ ಬೇಡ.

ಫೋನಿನಷ್ಟೇ ಬೇಗ ಮಾಸುವುದು ನಿಮ್ಮ ನೆನಪು. ಒಂದು ಕಥೆಯನ್ನು ಮತ್ತೆ ಮತ್ತೆ ಹೇಳಿದಂತೆ ವಿವರಗಳು ಉದುರಿ, ನಮಗೆ ಒಗ್ಗುವ ಹಾಗೆ ಅದು ತಿದ್ದಿಕೊಳ್ಳುತ್ತದೆ ಎಂದು ಬ್ರಿಟಿಷ್ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದ್ದರು. ಮನೆಯವರೆಲ್ಲ ಕೂತು ಅವಳ ಬಗ್ಗೆ ಮಾತಾಡಿದರೆ ಇನ್ನೊಬ್ಬರು ಕಂಡದ್ದು ನೀವೇ ಕಂಡ ಹಾಗೆ ಬೆರೆತುಬಿಡುತ್ತದೆ. ಅದಕ್ಕೇ ನಿಮ್ಮದನ್ನು ಮೊದಲು ಬರೆದಿಟ್ಟು, ಆಮೇಲೆ ಬೇರೆಯವರನ್ನು ಕೇಳಿ.

ದೊಡ್ಡ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ "ಅವಳು ಹುಟ್ಟಿದ್ದು" ಎಂದು ಶುರು ಮಾಡಿದವರು ಸಾಮಾನ್ಯವಾಗಿ ನಾಲ್ಕನೇ ಪುಟಕ್ಕೆ ನಿಲ್ಲುತ್ತಾರೆ. ಬಿಡಿ ಹಾಳೆಗಳು ಉತ್ತಮ. ಒಂದು ಹಾಳೆಗೆ ಒಂದೇ ನೆನಪು, ಅರ್ಧ ಪುಟ ಸಾಕು. ಮೇಲೆ ಬರೆಯುವ ದಿನಾಂಕ, ಮೂಲೆಯಲ್ಲಿ ಒಂದು ಗುರುತು: ಕಣ್ಣಾರೆ ಕಂಡದ್ದೋ, ಅವಳು ಹೇಳಿದ್ದೋ, ಬೇರೆಯವರಿಂದ ಕೇಳಿದ್ದೋ. ಇಸವಿ ನೆನಪಿಲ್ಲದಿದ್ದರೆ "ಮಗಳು ಇನ್ನೂ ನಡೆಯುತ್ತಿರಲಿಲ್ಲ", "ಹಳೇ ಮನೆ ಬಿಡುವ ಮೊದಲು" ಎಂಬಂಥ ಗೂಟ ಸಾಕು, ಕ್ರಮಕ್ಕೆ ಹೊಂದಿಸುವುದು ಕೊನೆಯ ಕೆಲಸ.

ಏನು ಬರೆಯಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು. "ತುಂಬಾ ಒಳ್ಳೆಯವಳು, ಎಲ್ಲರನ್ನೂ ಪ್ರೀತಿಸುತ್ತಿದ್ದಳು" ಎಂಬ ಸಾಲನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಆ ಹುಡುಗಿಗೆ ಅದರಿಂದ ಏನೂ ಸಿಗುವುದಿಲ್ಲ. ಗುಣವಾಚಕ ಬಂದ ಕಡೆಯೆಲ್ಲ ಅದನ್ನು ಹೊಡೆದು, ಹಾಗೆ ಅನ್ನಿಸುವಂತೆ ಅವಳು ಏನು ಮಾಡಿದಳು ಎಂದು ಬರೆಯಿರಿ. ಫೋನ್ ಎತ್ತಿದ ತಕ್ಷಣ ಅವಳ ಮೊದಲ ಮಾತು ಯಾವುದು? ನಿಮ್ಮನ್ನು ಎಲ್ಲರೆದುರು ಏನೆಂದು ಕರೆಯುತ್ತಿದ್ದಳು, ಇಬ್ಬರೇ ಇದ್ದಾಗ ಏನೆಂದು? ಸಿಟ್ಟು ಬಂದರೆ ಮಾತು ಬಿಡುತ್ತಿದ್ದಳೋ, ಜೋರು ಮಾಡುತ್ತಿದ್ದಳೋ? ಮೊದಮೊದಲು ಬಿಗುವಾಗಿದ್ದವರು ಗೆಳತಿಯರಾದದ್ದು ಯಾವ ಘಟನೆಯಿಂದ? ಜಗಳವಾಗಿದ್ದರೆ ಮೊದಲು ಮಾತಾಡಿಸಿದವರು ಯಾರು? ಅವಳ ಮಾತನ್ನು ತಿದ್ದದೆ, ಅವಳು ಆಡಿದ ಹಾಗೇ ಬರೆಯಿರಿ. ಜಗಳಗಳನ್ನೂ ಹಠವನ್ನೂ ಬಿಡಬೇಡಿ. ಕೊರತೆಯೇ ಇಲ್ಲದ ಅಮ್ಮನ ಚಿತ್ರ ಕೊಟ್ಟರೆ ಹದಿನೈದರ ಹುಡುಗಿ ನಂಬುವುದಿಲ್ಲ, ನಂಬಿದರೆ ಅದಕ್ಕಿಂತ ಕಷ್ಟ.

ನಿಮ್ಮ ಅಳುಕಿಗೂ ಉತ್ತರ ಇಲ್ಲೇ ಇದೆ. ಅಣ್ಣತಮ್ಮಂದಿರ ಬಳಿ ಇರುವುದು ಅವಳ ಬಾಲ್ಯ, ಗಂಡನ ಬಳಿ ಸಂಸಾರ, ಮಗಳ ಬಳಿ ಅಮ್ಮ. ವಯಸ್ಸಿಗೆ ಬಂದ ಹೆಣ್ಣು ತನ್ನ ಮನೆಯವರ ಬಗ್ಗೆಯೇ ನಗಾಡುತ್ತಾ, ಗೊಣಗುತ್ತಾ ಇನ್ನೊಬ್ಬಳ ಜೊತೆ ಹೇಗಿದ್ದಳು ಎನ್ನುವುದು ನಿಮ್ಮೊಬ್ಬರ ಬಳಿಯೇ ಇರುವುದು. ಅವರ ಪಾಲಿನದನ್ನು ನೀವು ಬರೆಯಲು ಹೋದರೆ ಮನಸ್ತಾಪ, ನಿಮ್ಮ ಪಾಲಿನದನ್ನು ಬರೆದರೆ ಯಾರ ತಕರಾರೂ ಇರಲಾರದು. ಸಾಂತ್ವನವೆಲ್ಲ ನಿಮ್ಮನ್ನು ದಾಟಿ ನಿಮ್ಮ ಗಂಡನ ಕಡೆಗೆ ಹೋಗುತ್ತಿದೆ ಅನ್ನಿಸುತ್ತಿದ್ದರೆ ಅದೂ ಭ್ರಮೆಯಲ್ಲ. ಸುತ್ತಲಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಸಾವು, ದುಃಖಗಳ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ವಿವರವಾಗಿ ಬರೆದಿದ್ದಾರೆ.

ಗುಟ್ಟುಗಳ ವಿಷಯಕ್ಕೆ ಬರೋಣ. ಗೆಳತಿ ಎಂದು ನಂಬಿ ಅವಳು ಹೇಳಿದ್ದು ನಿಮ್ಮಲ್ಲಿ ಬೇಕಾದಷ್ಟಿರುತ್ತದೆ. ಬರೆಯುವಾಗಲೇ ಎರಡು ಕಟ್ಟು ಮಾಡಿ, ಒಂದು ಮಗಳಿಗೆ, ಇನ್ನೊಂದು ನಿಮಗೆ ಮಾತ್ರ. ಅಳತೆ ಸರಳ: ಈ ಮಾತನ್ನು ಅವಳು ಮಗಳ ಮುಂದೆ ತಾನೇ ಹೇಳುತ್ತಿದ್ದಳೇ? ಅನುಮಾನ ಬಂದದ್ದು ಎರಡನೇ ಕಟ್ಟಿಗೆ. ಬದುಕಿರುವ ಮೂರನೆಯವರಿಗೆ ನೋವಾಗುವಂಥದ್ದೂ ಅಲ್ಲಿಗೇ. ಮಗಳು ದೊಡ್ಡವಳಾದ ಮೇಲೆ ಕೆಲವು ಹಾಳೆ ಈ ಕಡೆ ಬರಬಹುದು, ಈಗ ಕೊಟ್ಟದ್ದನ್ನು ಆಗ ವಾಪಸು ಪಡೆಯಲಾಗದು.

ಅವಳ ಕಪಾಟು ಖಾಲಿ ಮಾಡುವ ಮುನ್ನ ಇದ್ದದ್ದು ಇದ್ದ ಹಾಗೇ ಫೋಟೋ ತೆಗೆಯಲು ಹೇಳಿ. ನೆನಪಿಗೆಂದು ಏನಾದರೂ ಬೇಕಿದ್ದರೆ "ಏನಾದರೂ ಕೊಡಿ" ಎನ್ನಬೇಡಿ, ಬೆಲೆಯಿಲ್ಲದ ಒಂದು ವಸ್ತುವನ್ನು ಹೆಸರಿಸಿ ಕೇಳಿ, ಮಗಳಿಗೆ ಮುಂದೆ ಬೇಕಾದರೆ ಕೊಡುತ್ತೇನೆ ಎಂದೂ ಹೇಳಿ. ಡೈರಿ ಸಿಕ್ಕರೆ ಅದು ಅವಳ ಮನೆಯವರದು, ನೀವು ಮೊದಲು ತೆರೆಯಬೇಡಿ.

ಕಾಗದಪತ್ರಗಳನ್ನು ಕೆಡಿಸುವುದು ಹೆಚ್ಚಾಗಿ ನಮ್ಮ ಅತಿ ಕಾಳಜಿಯೇ. ಲ್ಯಾಮಿನೇಶನ್ ಬೇಡವೇ ಬೇಡ, ಬಿಸಿ ಮತ್ತು ಅಂಟು ಒಳಗೆ ಇಳಿದ ಮೇಲೆ ಬಿಡಿಸಲಾಗದು. ಸೆಲೋ ಟೇಪ್ ಹಳದಿಯಾಗಿ ಕಲೆ ಬಿಡುತ್ತದೆ, ಗುಂಡುಪಿನ್ನು ತುಕ್ಕು ಹಿಡಿಯುತ್ತದೆ. ಪತ್ರಗಳನ್ನು ಮಡಿಕೆ ಬಿಚ್ಚಿ ಚಪ್ಪಟೆಯಾಗಿ, ಬಿಸಿಲು ತೇವ ತಾಗದ ಕಡೆ ಇಡಿ. ಅಂಟಿನ ಪುಟದ ಹಳೇ ಆಲ್ಬಂನಿಂದ ಫೋಟೋ ಕೀಳುವ ಮೊದಲು ಪುಟವನ್ನೇ ಸ್ಕ್ಯಾನ್ ಮಾಡಿ, ಹರಿದರೂ ಒಂದು ಪ್ರತಿ ಉಳಿದಿರುತ್ತದೆ. 4×6 ಇಂಚಿನ ಫೋಟೋಗೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಟ್ಟರೆ 2400×3600 ಪಿಕ್ಸೆಲ್ ಸಿಗುತ್ತದೆ, ದೊಡ್ಡದಾಗಿ ಮುದ್ರಿಸಲೂ ಸಾಕು. ಫೋಟೋದ ಹಿಂಬದಿಗೆ ಬಾಲ್ ಪೆನ್ ಒತ್ತಿದರೆ ಮುಂಬದಿಯಲ್ಲಿ ಗೀರು ಮೂಡುತ್ತದೆ. ಮೆದು ಪೆನ್ಸಿಲಿನಲ್ಲಿ ಅಂಚಿಗೆ ಬರೆಯಿರಿ. ಹಳೇ ಕ್ಯಾಸೆಟ್ ಇದ್ದರೆ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದೇ ಪ್ಲೇಯರಿಗೆ ಹಾಕಿ, ತಪ್ಪಿ ರೆಕಾರ್ಡ್ ಒತ್ತಿದರೂ ಅವಳ ದನಿ ಅಳಿಯುವುದಿಲ್ಲ.

ಕೊನೆಗೆ ಎಲ್ಲದರ ಮೂರು ಪ್ರತಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ ಮತ್ತೊಂದು. ವಾಟ್ಸಾಪ್ ಧ್ವನಿ ಕಡತಗಳು ಓಪಸ್ ಎಂಬ, ಎಲ್ಲ ಸಾಧನಗಳಲ್ಲೂ ತೆರೆಯದ ರೂಪದಲ್ಲಿರುತ್ತವೆ. ಮೂಲವನ್ನು ಮುಟ್ಟದೆ ಪಕ್ಕದಲ್ಲೇ ಎಂಪಿ3 ಪ್ರತಿಯನ್ನೂ ಇಟ್ಟರೆ ಮಗಳು ಯಾವ ಸಾಧನದಲ್ಲಾದರೂ ಕೇಳಬಹುದು. ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕ್ ಜೋಡಿಸಿ ನಾಲ್ಕಾರು ಕಡತ ತೆರೆದು ನೋಡಿ, ಪಾಸ್‌ವರ್ಡ್ ನಿಮ್ಮ ಜೊತೆಗೆ ಇನ್ನೊಬ್ಬರಿಗೂ ಗೊತ್ತಿರಲಿ.